ಕಸದ ಜೊತೆ ಬಳ್ಳಿಯನ್ನೂ ಕಿತ್ತಿದ್ದೆವು

ಮಂಗಳೂರಿನ ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿ ಫಲ್ಗುಣಿ ನದಿ ದಾಟಿದರೆ ತಣ್ಣೀರುಬಾವಿ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ಹೊಯಿಗೆಯ ಪಟ್ಟಿ. ಭಾನುವಾರ ಬೆಳಿಗ್ಗೆ ನಾವು ಏಳೆಂಟು ಜನ ಗೋಣಿಚೀಲ ಹಿಡಿದು ಅಲ್ಲಿರುತ್ತೇವೆ.

ಮೊದಲ ವರ್ಷ ನಮ್ಮ ಲೆಕ್ಕ ಸುಲಭ ಇತ್ತು: ಕಡಲ ಕರೆಯನ್ನು ಅಂಗಳದ ಹಾಗೆ ಗುಡಿಸಿ ಇಡುವುದು. ಮಳೆಗಾಲದಲ್ಲಿ ನದಿ ಹೊತ್ತು ತಂದ ಬಾಟಲಿ, ಥರ್ಮಾಕೋಲ್, ಚಪ್ಪಲಿ ಎಲ್ಲ ಹೆಕ್ಕಿದೆವು. (ಚಪ್ಪಲಿ ಜೋಡಿಯಾಗಿ ಇದುವರೆಗೆ ಒಮ್ಮೆಯೂ ಸಿಕ್ಕಿಲ್ಲ.) ಅದೇ ಭರದಲ್ಲಿ ಒಣಕಡ್ಡಿ, ಬಳ್ಳಿ ಎಲ್ಲ ಎಳೆದು ರಾಶಿ ಹಾಕಿದೆವು. ಫೋಟೊ ಚೆನ್ನಾಗಿ ಬಂತು.

ಅಲ್ಲೇ ಬಲೆ ಸರಿಮಾಡುತ್ತಿದ್ದ ಅಜ್ಜರೊಬ್ಬರು, “ಬಳ್ಳಿ ಯಾಕೆ ಕೀಳುವುದು ಮಾರಾಯ್ರೆ? ಹೊಯಿಗೆ ನಿಲ್ಲುವುದೇ ಅದರಲ್ಲಿ” ಅಂದರು. ನಾವು ಸುಮ್ನೆ ನಕ್ಕೆವು. ಮುಂದಿನ ಜುಲೈಯಲ್ಲಿ ನಾವು ಬೋಳು ಮಾಡಿದ ಜಾಗ ಮೊಣಕಾಲು ಆಳಕ್ಕೆ ಕುಸಿದಿತ್ತು. ಪಕ್ಕದ ಬಳ್ಳಿ ಇದ್ದ ದಿಬ್ಬ ಮಾತ್ರ ಹಾಗೇ ಇತ್ತು. ಮಳೆಗಾಲದಲ್ಲಿ ಕಡಲು ಹೊಯಿಗೆ ಒಯ್ಯುವುದು, ಆಮೇಲೆ ತಂದು ಹಾಕುವುದು ಪ್ರತಿವರ್ಷದ್ದೇ. ತಂದದ್ದನ್ನು ಹಿಡಿದುಕೊಳ್ಳಲು ಏನಾದರೂ ಬೇಕಲ್ವಾ?

ಅದು ಅಡುಂಬು ಬಳ್ಳಿ. ಆಡಿನ ಗೊರಸಿನಂಥ ಎಲೆ, ನೇರಳೆ ಹೂ. ಗೆಣಸಿನ ಜಾತಿಯದ್ದು, ನೆಡುವುದೂ ಗೆಣಸಿನ ಹಾಗೆಯೇ. ನಾವು ಮೊದಲು ನೆಟ್ಟದ್ದು ಡಿಸೆಂಬರಿನಲ್ಲಿ. ಬಾಲ್ದಿ ಬಾಲ್ದಿ ನೀರು ಹೊತ್ತರೂ ಒಣಗಿಹೋಯಿತು. ಈಗ ಆಗಸ್ಟ್ ಕೊನೆಗೆ, ಮಳೆ ಇನ್ನೂ ಇರುವಾಗಲೇ ನೆಡುತ್ತೇವೆ. ಮೊಳದುದ್ದದ ತುಂಡು ತೆಗೆದು, ಎರಡು ಮೂರು ಗಂಟು ಹೊಯಿಗೆಯೊಳಗೆ ಹೋಗುವಂತೆ ಗೇಣು ಆಳಕ್ಕೆ ಹೂಳಬೇಕು. ಗಂಟಿನಲ್ಲೇ ಬೇರು ಬರುವುದು. ಅಲೆ ಏರುವ ಗೆರೆಗಿಂತ ಮೇಲೆಯೇ ಇರಲಿ. ರಾವಣನ ಮೀಸೆ ಅನ್ನುವ ಹುಲ್ಲೂ ಹೊಯಿಗೆ ಹಿಡಿಯುತ್ತದೆ, ಆದರೆ ಕೈಗವಸು ಇಲ್ಲದೆ ಮುಟ್ಟಿದರೆ ಸೂಜಿ ಚುಚ್ಚಿದ ಹಾಗೆ.

ಬಳ್ಳಿಗೆ ನೈಲಾನ್ ಬಲೆ ಸುತ್ತಿಕೊಂಡಿದ್ದರೆ ಎಳೆಯುವ ಹಾಗಿಲ್ಲ, ಬೇರೂ ಬರುತ್ತದೆ. ಕತ್ತರಿಯಲ್ಲಿ ಒಂದೊಂದೇ ಕಣ್ಣು ಕತ್ತರಿಸಿ ಬಿಡಿಸಬೇಕು. ಚಾಪೆಯಷ್ಟು ತುಂಡಿಗೆ ಒಂದು ಗಂಟೆ. ಹೊಸಬರು ಮನೆಗೆ ಹೊರಡುವುದು ಇಲ್ಲಿಯೇ.

ಸೆಪ್ಟೆಂಬರ್ ಮೂರನೇ ಶನಿವಾರ, ಕರಾವಳಿ ಸ್ವಚ್ಛತಾ ದಿನಕ್ಕೆ, ಜನ ಜಾಸ್ತಿ. ಬ್ಯಾನರ್, ಟೀ ಶರ್ಟ್, ಆಮೇಲೆ ಅವರೇ ಕುಡಿದು ಬಿಟ್ಟ ನೀರಿನ ಬಾಟಲಿ. ಒಂದು ವರ್ಷ ಯಾರೋ ಜೆಸಿಬಿ ತರಿಸಿ ದಿಬ್ಬವನ್ನೇ ಸಮ ಮಾಡಿಬಿಟ್ಟರು. ಎರಡು ವರ್ಷದ ಬಳ್ಳಿ ಅರ್ಧ ಗಂಟೆಯಲ್ಲಿ ಹೋಯಿತು. ಅಂದು ನಾನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಈಗ ನೆಟ್ಟ ಜಾಗದ ಸುತ್ತ ಗಾಳಿಮರದ ಗೂಟ ಹೊಡೆದು, ಅಲ್ಲೇ ಹೆಕ್ಕಿದ ಹಳೆ ಹಗ್ಗ ಕಟ್ಟುತ್ತೇವೆ. ಆಶ್ಚರ್ಯ ಅಂದರೆ ಅದನ್ನು ಜನ ದಾಟುವುದಿಲ್ಲ.

ಚಳಿಗಾಲದಲ್ಲಿ ಈ ಕರೆಗೆ ಕಡಲಾಮೆ ಮೊಟ್ಟೆ ಇಡಲು ಬರುವುದುಂಟು. ಹೊಯಿಗೆಯಲ್ಲಿ ಅದರ ಗುರುತು ಕಂಡರೆ ಅಗೆಯುವುದಿಲ್ಲ, ಅರಣ್ಯ ಇಲಾಖೆಗೆ ಫೋನ್ ಮಾಡಿ ದೂರ ನಿಲ್ಲುತ್ತೇವೆ.

ಬರುವವರು ಕತ್ತರಿ ತನ್ನಿ. ಚೀಲ ನಮ್ಮಲ್ಲಿ ಉಂಟು.