ಕೋವಿ ಲೈಸೆನ್ಸ್ ನವೀಕರಣ: ನಂಬರ್ ತಪ್ಪು ಸರಿಮಾಡಿಸಿದ ಬಗೆ

ಬೆಳೆ ರಕ್ಷಣೆಗೆ ಇಟ್ಟುಕೊಂಡ ಜೋಡಿ ನಳಿಗೆ ಕೋವಿಯ ಲೈಸೆನ್ಸ್ ನವೀಕರಣಕ್ಕೆ ಅರ್ಜಿ ಕೊಟ್ಟಿದ್ದೆ. ಅದು ಮುಂದೆ ಹೋಗಲೇ ಇಲ್ಲ. ವಿಚಾರಿಸಿದರೆ, ಯುಐಎನ್ (ಲೈಸೆನ್ಸ್‌ದಾರರಿಗೆ ಕೊಡುವ ವಿಶಿಷ್ಟ ಗುರುತು ಸಂಖ್ಯೆ) ದಾಖಲೆಯಲ್ಲಿರುವ ಕೋವಿ ನಂಬರೇ ಬೇರೆ, ಲೈಸೆನ್ಸ್ ಪುಸ್ತಕದಲ್ಲಿರುವುದೇ ಬೇರೆ ಅಂದರು.

ಮನೆಗೆ ಬಂದು ಕೋವಿಯನ್ನೇ ನೋಡಿದೆ. ತೋಟಾ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ನಳಿಗೆ ಬಿಚ್ಚಿ, ಎಣ್ಣೆ ಬಟ್ಟೆಯಿಂದ ಮೆಲ್ಲಗೆ ಉಜ್ಜಿದೆ. ಕೋವಿ ಮೇಲಿನ ನಂಬರಿನ ಕೊನೆಯ ಅಂಕಿ 3. ಕಂಪ್ಯೂಟರಿಗೆ ಏರಿಸುವಾಗ ಅದು 8 ಆಗಿತ್ತು. ಕೋವಿ ಮೇಲಿನ ನಂಬರನ್ನು ಹತ್ತಿರದಿಂದ ತೆಗೆದ ಫೋಟೊ, ಪುಸ್ತಕದ ಮೊದಲ ಪುಟ, ಕೋವಿ ಕೊಂಡಾಗಿನ ರಸೀದಿ, ಇಷ್ಟನ್ನೂ ಸೇರಿಸಿ ತಿದ್ದುಪಡಿಗೆ ಬೇರೆಯೇ ಅರ್ಜಿ ಕೊಟ್ಟು ಸ್ವೀಕೃತಿ ಇಸ್ಕೊಂಡೆ. ಸುಮ್ನೆ ಬಾಯಲ್ಲಿ ಹೇಳಿದರೆ ಕೆಲಸ ಆಗಲ್ಲ. ಠಾಣೆಯಲ್ಲಿ ಕೋವಿ ತೋರಿಸಿದ ಮೇಲೆ ನಂಬರ್ ಸರಿಯಾಯಿತು, ನವೀಕರಣವೂ ಆಯಿತು. ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಿಂದ ಲೈಸೆನ್ಸ್ ಅವಧಿ ಈಗ 5 ವರ್ಷ.

ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಿ. ಚುನಾವಣೆ ವೇಳೆ ಠಾಣೆಯಲ್ಲಿ ಕೋವಿ ಇಟ್ಟಿದ್ದರೆ ಆ ರಸೀದಿ ಜೋಪಾನ. ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ: ಅಪ್ಪನಿಗೆ 70 ವರ್ಷ ತುಂಬಿದ್ದರೆ, ಅವರು ಇರುವಾಗಲೇ ಆ ಕೋವಿಗೆ ಮಕ್ಕಳು ವಾರಸುದಾರರಾಗಿ ಲೈಸೆನ್ಸ್ ಕೇಳಬಹುದು. 2016ರ ಆಯುಧ ನಿಯಮಗಳಲ್ಲೇ ಇದಕ್ಕೆ ಅವಕಾಶ ಇದೆ.