ಅಧ್ಯಾಯಕ್ಕಿಂತ ಮೊದಲು ಹಳೆಯ ಪ್ರಶ್ನೆಪತ್ರಿಕೆ

ಗಣಿತದಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಮಾಡುತ್ತಿರುವವರಿಗೆ: ಹೊಸ ಅಧ್ಯಾಯ ತೆರೆಯುವ ಮೊದಲೇ ಆ ವಿಷಯದ ಹಳೆಯ ಪ್ರಶ್ನೆಪತ್ರಿಕೆಯಿಂದ ಎರಡು ಪ್ರಶ್ನೆ ಆರಿಸಿ, ಅರ್ಧ ಗಂಟೆ ಒದ್ದಾಡಿ. ಆಮೇಲೆ ಪುಸ್ತಕ ಓದಿ. ಬೆಂಗಳೂರಿನ ಮೈಸೂರು ರಸ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬಿ.ಮ್ಯಾಥ್ (ಗಣಿತ ಪದವಿ) ಸೆಮಿಸ್ಟರ್ ಪತ್ರಿಕೆಗಳು ಅದರ ಜಾಲತಾಣದಲ್ಲೇ ಇವೆ. ಎನ್‌ಬಿಎಚ್‌ಎಂ (ರಾಷ್ಟ್ರೀಯ ಉನ್ನತ ಗಣಿತ ಮಂಡಳಿ) ವಿದ್ಯಾರ್ಥಿವೇತನ ಪರೀಕ್ಷೆಯ ಹಳೆಯ ಪತ್ರಿಕೆಗಳೂ ಹುಡುಕಿದರೆ ಸಿಗುತ್ತವೆ, ದುಡ್ಡು ಕೊಡಬೇಕಾಗಿಲ್ಲ. ಹೀಗೆ ಮಾಡಿದರೆ ಪ್ರಮೇಯದ ಷರತ್ತುಗಳು ಎಲ್ಲಿಂದ ಬಂದವೆಂದು ತಿಳಿಯುತ್ತದೆ. ‘ಕಂಟಿನ್ಯೂಯಸ್ (ಎಲ್ಲೂ ತುಂಡಾಗದ) ಫಂಕ್ಷನ್‌ಗಳ ಮಿತಿಯೂ ಕಂಟಿನ್ಯೂಯಸ್ಸೇ?’ ಎಂಬ ಪ್ರಶ್ನೆಯನ್ನೇ ನೋಡಿ. ಸೊನ್ನೆಯಿಂದ ಒಂದರವರೆಗೆ ಎಕ್ಸ್, ಎಕ್ಸ್ ವರ್ಗ, ಎಕ್ಸ್ ಘನ ಎಂದು ಒಂದರ ಕೆಳಗೊಂದು ಗೆರೆ ಎಳೆಯುತ್ತಾ ಹೋದರೆ, ಮಿತಿಯು ಉದ್ದಕ್ಕೂ ಸೊನ್ನೆಯಾಗಿದ್ದು ಕೊನೆಯ ಬಿಂದುವಿನಲ್ಲಿ ಮಾತ್ರ ಒಂದಕ್ಕೆ ನೆಗೆಯುತ್ತದೆ. ಇದನ್ನು ಕೈಯಾರೆ ಬರೆದವರಿಗೆ, ಮಿತಿಯೂ ಕಂಟಿನ್ಯೂಯಸ್ ಆಗಲು ಪ್ರಮೇಯ ಕೇಳುವ ‘ಯೂನಿಫಾರ್ಮ್’ (ಎಲ್ಲ ಬಿಂದುಗಳಲ್ಲೂ ಒಟ್ಟಿಗೇ ಮಿತಿಯನ್ನು ಸಮೀಪಿಸಬೇಕು) ಎಂಬ ಪದ ಬಾಯಿಪಾಠದ ಹೊರೆಯಾಗುವುದಿಲ್ಲ. ಆದರೆ ಟೋಪಾಲಜಿ, ಮೆಷರ್ ಥಿಯರಿಯ ಮೊದಲ ಪಾಠಗಳಿಗೆ ಇದು ನಡೆಯದು. ಅಲ್ಲಿ ವ್ಯಾಖ್ಯೆ ಗೊತ್ತಿಲ್ಲದೆ ಪ್ರಶ್ನೆಯೇ ಅರ್ಥವಾಗುವುದಿಲ್ಲ, ಹಾಗಾಗಿ ವ್ಯಾಖ್ಯೆಗಳನ್ನಷ್ಟೇ ಓದಿ, ಪ್ರಮೇಯಗಳ ಸಾಧನೆಗಳನ್ನು (ಪ್ರೂಫ್) ಮುಚ್ಚಿಟ್ಟು ಶುರುಮಾಡಿ. ನಾಳೆಯೇ ಪರೀಕ್ಷೆ ಇರುವವರೂ ಇದರ ತಂಟೆಗೆ ಹೋಗಬೇಡಿ. ಇನ್ನೊಂದು ಮಾತು, ಸೆಮಿಸ್ಟರ್ ಪತ್ರಿಕೆಗಳ ಜೊತೆ ಸಾಮಾನ್ಯವಾಗಿ ಉತ್ತರ ಇರುವುದಿಲ್ಲ. ಬರೆದದ್ದನ್ನು ತಪ್ಪು ಹುಡುಕುವ ಚಟವಿರುವ ಸಹಪಾಠಿಯೊಬ್ಬರ ಕೈಗೆ ಕೊಡಿ.