ಪೇಟೆಂಟ್ ಅರ್ಜಿಗೆ ಮೊದಲು ಜೀವಾಣು ಠೇವಣಿ ಇಡುವ ಬಗೆ

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ, ಗಂಗಾವತಿ, ಸಿಂಧನೂರು, ಮಾನ್ವಿ ಸುತ್ತ, ಸವಳು ನೆಲಕ್ಕೆ ಬರವಿಲ್ಲ. ಅಂಥ ಗದ್ದೆಯ ಭತ್ತದ ಬೇರಿನಿಂದ ಉಪ್ಪು ತಾಳುವ ಬ್ಯಾಕ್ಟೀರಿಯಾ ಪ್ರತ್ಯೇಕಿಸಿ, ಅದರಿಂದ ಜೈವಿಕ ಗೊಬ್ಬರ ಮಾಡಿ, ಪೇಟೆಂಟ್‌ಗೆ ಹೊರಟಿದ್ದೀರಿ ಎಂದುಕೊಳ್ಳೋಣ. ಯಂತ್ರವಾದರೆ ಚಿತ್ರ ಬರೆದು ವಿವರಿಸಬಹುದು. ಜೀವಾಣುವಿನ ಫೋಟೋ, ಜೀನ್ ಅನುಕ್ರಮ ಎಷ್ಟೇ ಕೊಟ್ಟರೂ ಓದಿದವರು ಅದೇ ತಳಿಯನ್ನು ಮತ್ತೆ ಹುಟ್ಟಿಸಲಾರರು. ಆದ್ದರಿಂದ ತಳಿ ಸಾರ್ವಜನಿಕವಾಗಿ ಸಿಗುವಂಥದ್ದಲ್ಲದಿದ್ದರೆ, ಅದನ್ನು ಜೀವಂತವಾಗಿ ಠೇವಣಿ ಇಡಬೇಕೆಂದು ಪೇಟೆಂಟ್ ಕಾಯ್ದೆಯ 10(4)ನೇ ಕಲಂ ಹೇಳುತ್ತದೆ.

ಠೇವಣಿ 1977ರ ಬುಡಾಪೆಸ್ಟ್ ಒಪ್ಪಂದದಡಿ ಮಾನ್ಯವಾದ ಕೇಂದ್ರದಲ್ಲೇ ಆಗಬೇಕು. ಭಾರತ ಈ ಒಪ್ಪಂದ ಸೇರಿದ್ದು 2001ರಲ್ಲಿ. ನಮ್ಮಲ್ಲಿ ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹಾಲಯ ಮತ್ತು ಪುಣೆಯ ರಾಷ್ಟ್ರೀಯ ಸೂಕ್ಷ್ಮಜೀವಿ ಸಂಪನ್ಮೂಲ ಕೇಂದ್ರಕ್ಕೆ ಈ ಮಾನ್ಯತೆ ಇದೆ. ಒಂದು ಕಡೆ ಇಟ್ಟರೆ ಒಪ್ಪಂದದ ಎಲ್ಲ ದೇಶಗಳೂ ಅದನ್ನು ಒಪ್ಪುತ್ತವೆ.

ಬಹಳ ಜನ ಎಡವುವುದು ಇಲ್ಲೇ. ಇದೇ ಕೇಂದ್ರಗಳು ಸಾಮಾನ್ಯ ಠೇವಣಿಯನ್ನೂ ತೆಗೆದುಕೊಳ್ಳುತ್ತವೆ. ಪ್ರಬಂಧ ಪ್ರಕಟಿಸಲು ಎಂದೋ ಪಡೆದ ಆ ನಂಬರನ್ನೇ ಪೇಟೆಂಟ್ ಅರ್ಜಿಯಲ್ಲಿ ಬರೆದರೆ ಅದು ಬುಡಾಪೆಸ್ಟ್ ಠೇವಣಿ ಆಗುವುದಿಲ್ಲ. ಜೊತೆಗೆ, ಸಾಮಾನ್ಯ ಸಂಗ್ರಹದ ತಳಿ ಕೇಳಿದವರಿಗೆಲ್ಲ ಸಿಗುತ್ತಿದ್ದರೆ ಹೊಸತನವೇ ಪ್ರಶ್ನೆಗೆ ಬೀಳುತ್ತದೆ. ಪೇಟೆಂಟ್ ಠೇವಣಿಯ ಫಾರಂ ಬೇರೆ, ಶುಲ್ಕ ಬೇರೆ. ಫಾರಂ ಕೇಳುವಾಗಲೇ ‘ಬುಡಾಪೆಸ್ಟ್ ಒಪ್ಪಂದದಡಿ’ ಎಂದು ಸ್ಪಷ್ಟವಾಗಿ ಬರೆಯಿರಿ.

ದಿನಾಂಕದ ಲೆಕ್ಕವನ್ನು ಅರ್ಜಿಯ ದಿನದಿಂದ ಹಿಂದಕ್ಕೆ ಹಾಕಬೇಕು. ಕರ್ನಾಟಕದವರ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತದೆ. ಅರ್ಜಿ ಸಲ್ಲಿಸುವ ದಿನಕ್ಕೆ ಠೇವಣಿ ಆಗಿಯೇ ಇರಬೇಕು. ಠೇವಣಿಯ ನಂಬರ್ ಮತ್ತು ದಿನಾಂಕವನ್ನು ವಿವರಣೆಯಲ್ಲಿ ಸೇರಿಸಲು ಮಾತ್ರ ಅರ್ಜಿಯಿಂದ 3 ತಿಂಗಳ ಅವಕಾಶವಿದೆ. ‘ಮೂರು ತಿಂಗಳಿದೆಯಲ್ಲ’ ಎಂದು ಠೇವಣಿಯನ್ನೇ ಮುಂದೂಡಿದವರು ಕೆಟ್ಟರು. ಇನ್ನೊಂದು ಮಾತು: ದಿನಾಂಕ ಎಂದರೆ ನೀವು ಕೊರಿಯರ್‌ಗೆ ಕೊಟ್ಟ ದಿನವಲ್ಲ, ಮಾದರಿ ಕೇಂದ್ರದ ಕೈ ಸೇರಿದ ದಿನ. ತಳಿ ಅಲ್ಲಿ ಬೆಳೆಯದೆ ಹೋದರೆ ಮತ್ತೆ ಕಳಿಸಬೇಕಾಗುತ್ತದೆ. ಹಾಗಾಗಿ ಕನಿಷ್ಠ ಎರಡು ತಿಂಗಳು ಕೈಯಲ್ಲಿರಲಿ.

ಕಳಿಸುವ ಮೊದಲು ತಳಿ ಶುದ್ಧವಿರಬೇಕು. ಅಗಾರ್ ತಟ್ಟೆಯ ಮೇಲೆ ಮೂರು ಸಲ ಗೀಟೆಳೆದು ಒಂಟಿ ಕಾಲನಿ (ಒಂದೇ ಕೋಶದಿಂದ ಬೆಳೆದ ಗುಂಪು) ಆರಿಸಿ, ಗ್ರಾಮ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಬ್ಯಾಕ್ಟೀರಿಯಾದ ಗುರುತು ಹಿಡಿಯುವ 16ಎಸ್ ಜೀನಿನ ಅನುಕ್ರಮ ಮಾಡಿಸಿ. ಅದೇ ಕಾಲನಿಯಿಂದ ಒಂದೇ ದಿನ ಎಲ್ಲ ಸೀಸೆಗಳನ್ನೂ ತುಂಬಿ. ಸ್ವಂತ ದಾಸ್ತಾನಿಗೆ, ಚೆನ್ನಾಗಿ ಬೆಳೆದ ದ್ರವಕ್ಕೆ ಅಷ್ಟೇ ಪ್ರಮಾಣದ 40% ಗ್ಲಿಸರಾಲ್ ಬೆರೆಸಿದರೆ 20% ಆಗುತ್ತದೆ. ಅದನ್ನು ಮೈನಸ್ 80 ಡಿಗ್ರಿಯಲ್ಲಿಡಿ. ಕೇಂದ್ರಕ್ಕೆ ಕಳಿಸುವುದನ್ನು 10% ಕೆನೆರಹಿತ ಹಾಲಿನಲ್ಲಿ ಶೀತಶುಷ್ಕ ಮಾಡಿಸಿ (ಹೆಪ್ಪುಗಟ್ಟಿಸಿ ಒಣಗಿಸಿ) ಆಂಪ್ಯೂಲ್ ಎಂಬ ಸಣ್ಣ ಗಾಜಿನ ನಳಿಗೆಯಲ್ಲಿ ಮುಚ್ಚುವುದು ನಮ್ಮ ಬಿಸಿಲಿಗೆ ಒಳ್ಳೆಯದು. ಅಗಾರನ್ನು ಓರೆಯಾಗಿ ಗಟ್ಟಿಮಾಡಿ ತಳಿ ಬೆಳೆಸಿದ ನಳಿಗೆಯನ್ನು ಮೇ ತಿಂಗಳಲ್ಲಿ ರಾಯಚೂರಿನಿಂದ ಕಳಿಸಿದರೆ, ಒಳಗೆ ಬೆವತ ನೀರು ಹರಿದು ಕಾಲನಿ ಕಲಸಿಹೋಗುತ್ತದೆ, ಕೋಶಗಳೂ ಸಾಯುತ್ತವೆ. ಒಣಗಿಸಿದ ಒಂದು ವಾರದ ಮೇಲೆ ಒಂದು ಆಂಪ್ಯೂಲ್ ಒಡೆದು ಎಣಿಸಿ. ಒಂದು ಕೋಟಿಗಿಂತ ಕಡಿಮೆ ಜೀವಂತ ಕೋಶ ಬಂದರೆ ಕಳಿಸಬೇಡಿ, ಒಣಗಿಸುವ ಹಂತವನ್ನೇ ಸರಿಮಾಡಿ. ಸೋಮವಾರ ಕಳಿಸಿ, ಶುಕ್ರವಾರದ ಡಬ್ಬಿ ಭಾನುವಾರವಿಡೀ ಗೋದಾಮಿನಲ್ಲಿ ಬೇಯುತ್ತದೆ.

ಲೇಬಲ್‌ನ ವಿಷಯ ಸಣ್ಣದೆನಿಸುತ್ತದೆ. ಸೀಸೆಯ ಮೇಲೆ ಮಾರ್ಕರ್‌ನಲ್ಲಿ ‘ಜಿ-17’ ಎಂದು ಬರೆದು, ಸ್ಪಿರಿಟ್ ಹತ್ತಿಯಿಂದ ಒಮ್ಮೆ ಒರೆಸಿ ನೋಡಿ: 7 ಮಾಸಿ ‘ಜಿ-1’ ಉಳಿಯುತ್ತದೆ, ಅದು ನಿಮ್ಮದೇ ಇನ್ನೊಂದು ತಳಿಯ ಹೆಸರು. ಚಳಿ ತಡೆಯುವ ಮುದ್ರಿತ ಲೇಬಲ್ ಬಳಸಿ. ಸೀಸೆ, ಫಾರಂ, ಪೇಟೆಂಟ್ ವಿವರಣೆ ಮೂರರಲ್ಲೂ ಅದೇ ಗುರುತು, ಗೀಟು-ಚುಕ್ಕೆ ಸಹಿತ, ಒಂದೇ ಥರ ಇರಲಿ.

ಫಾರಂನಲ್ಲಿ ಬೆಳೆಸುವ ವಿಧಾನ, ಕಾಪಿಡುವ ವಿಧಾನ, ಜೀವಂತಿಕೆ ಪರೀಕ್ಷಿಸುವ ವಿಧಾನ, ಆರೋಗ್ಯಕ್ಕೆ ಪರಿಸರಕ್ಕೆ ಅಪಾಯವಿದ್ದರೆ ಅದನ್ನೂ ಬರೆಯಬೇಕು. ಉಪ್ಪು ತಾಳುವ ತಳಿಗೆ ‘ನ್ಯೂಟ್ರಿಯೆಂಟ್ ಅಗಾರ್, 30 ಡಿಗ್ರಿ’ ಎಂದಷ್ಟೇ ಬರೆದರೆ ಸಾಲದು. ನಿಮ್ಮ ತಳಿಗೆ 5% ಉಪ್ಪು, ಪಿಎಚ್ 8, 48 ಗಂಟೆ ಬೇಕಿದ್ದರೆ ಅಷ್ಟನ್ನೂ ಬರೆಯಿರಿ. ಇಲ್ಲದಿದ್ದರೆ ಕೇಂದ್ರದವರು 24 ಗಂಟೆಗೆ ನೋಡಿ ‘ಬೆಳೆದಿಲ್ಲ’ ಎನ್ನುವುದು ಅವರ ತಪ್ಪಲ್ಲ. ನಾವು ಸೂಚಿಸುವ ಪರೀಕ್ಷೆ ಇದು: ಪಕ್ಕದ ಪ್ರಯೋಗಾಲಯದವರಿಗೆ ಒಂದು ಆಂಪ್ಯೂಲ್ ಮತ್ತು ಫಾರಂ ಮಾತ್ರ ಕೊಡಿ, ಬಾಯಿಮಾತಿನಲ್ಲಿ ಏನೂ ಹೇಳಬೇಡಿ. ಅವರ ಕೈಯಲ್ಲಿ ಬೆಳೆದರೆ ಫಾರಂ ಸರಿಯಿದೆ. ಅವರಿಂದ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಗೊಬ್ಬರದಲ್ಲಿ ಮೂರು ತಳಿ ಇದ್ದರೆ ಮೂರನ್ನೂ ಬೇರೆಬೇರೆಯಾಗಿ ಠೇವಣಿ ಇಡಿ.

ಮಣ್ಣು ಎಲ್ಲಿಯದು ಎಂಬುದನ್ನೂ ವಿವರಣೆಯಲ್ಲಿ ಹೇಳಬೇಕು. ಮುಚ್ಚಿಟ್ಟರೆ ಅಥವಾ ತಪ್ಪು ಹೇಳಿದರೆ ಅದೇ ಕಾರಣಕ್ಕೆ ಪೇಟೆಂಟ್ ರದ್ದಾಗಬಹುದು. ಮಾದರಿ ತೆಗೆದ ದಿನವೇ ಊರು, ತಾಲ್ಲೂಕು, ಸರ್ವೆ ನಂಬರ್, ಜಿಪಿಎಸ್ ಬರೆದಿಡಿ. 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಭಾರತೀಯ ಅರ್ಜಿದಾರರು ಪೇಟೆಂಟ್ ಮಂಜೂರಾಗುವ ಮೊದಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಮಣ್ಣಿನಲ್ಲಿ ಸಿಕ್ಕ ತಳಿಗೇ ಪೇಟೆಂಟ್ ಕೇಳಿದರೆ ಪೇಟೆಂಟ್ ಕಾಯ್ದೆಯ 3(ಸಿ) ಕಲಂ ಅಡ್ಡ ಬರುತ್ತದೆ; ಪ್ರಕೃತಿಯಲ್ಲಿ ಇರುವುದನ್ನು ಕಂಡುಹಿಡಿದದ್ದಕ್ಕೆ ಪೇಟೆಂಟ್ ಇಲ್ಲ ಎನ್ನುತ್ತದೆ ಅದು. ತಯಾರಿಕೆಯ ವಿಧಾನ, ಮಿಶ್ರಣದ ಪರಿಣಾಮ, ಇವುಗಳ ಮೇಲೆ ಹಕ್ಕು ಕೇಳಿ. ಠೇವಣಿ ಅದಕ್ಕೆ ಆಧಾರವಾಗಿ ನಿಲ್ಲುತ್ತದೆ.

ಬಳ್ಳಾರಿಯ ವೈದ್ಯಕೀಯ ಪ್ರಯೋಗಾಲಯದಲ್ಲಿ ಹೈಬ್ರಿಡೋಮಾದಂಥ (ಪ್ರತಿಕಾಯ ತಯಾರಿಸುವ ಬೆಸೆದ ಕೋಶ) ಪ್ರಾಣಿಕೋಶ ಶ್ರೇಣಿ ಇದ್ದರೆ ದಾರಿ ಉದ್ದ. ಅಮೆರಿಕದ ಎಟಿಸಿಸಿ, ಜರ್ಮನಿಯ ಡಿಎಸ್‌ಎಂಝೆಡ್, ಬ್ರಿಟನ್ನಿನ ಇಸಿಎಸಿಸಿಯಂಥ ಕೇಂದ್ರಗಳು ಅವನ್ನು ಸ್ವೀಕರಿಸುತ್ತವೆ. ಎಷ್ಟು ಸೀಸೆ ಬೇಕೆಂದು ಮೊದಲೇ ಕೇಳಿ. ಕೋಶಗಳಲ್ಲಿ ಕಾಣದಂತೆ ಸೇರಿಕೊಳ್ಳುವ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಕಡ್ಡಾಯವೆಂದೇ ತಿಳಿಯಿರಿ. 90%ಕ್ಕಿಂತ ಹೆಚ್ಚು ಜೀವಂತವಿರುವ, ಚುರುಕಾಗಿ ಬೆಳೆಯುತ್ತಿರುವ ಕೋಶಗಳನ್ನು ಹೆಪ್ಪುಗಟ್ಟುವಾಗ ಕೋಶ ಕಾಯುವ ದ್ರವವಾದ ಡಿಎಂಎಸ್‌ಒ 10% ಇರುವ ಮಾಧ್ಯಮದಲ್ಲಿ, ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ, ದ್ರವ ಸಾರಜನಕದಲ್ಲಿಡಿ. ಒಣಮಂಜಿನಲ್ಲಿ (ಗಟ್ಟಿ ಇಂಗಾಲದ ಡೈಆಕ್ಸೈಡ್) ಕಳಿಸುವಾಗ ಡಬ್ಬಿಯನ್ನು ಗಾಳಿಯಾಡದಂತೆ ಮುಚ್ಚಬೇಡಿ, ಅನಿಲ ಒತ್ತಿ ಸಿಡಿಯುತ್ತದೆ. ಹೊರದೇಶಕ್ಕೆ ಕಳಿಸುವ ಅನುಮತಿಗಳನ್ನು ತಣಿಸುವ ಮೊದಲೇ ವಿಚಾರಿಸಿ.

ಕೇಂದ್ರವು ರಸೀದಿ ಮತ್ತು ಜೀವಂತಿಕೆ ಪತ್ರ ಕೊಡುತ್ತದೆ; ಎರಡನ್ನೂ ಜೋಪಾನ ಮಾಡಿ. ಅವರು ಕನಿಷ್ಠ 30 ವರ್ಷ, ಮತ್ತು ಕೊನೆಯ ಬಾರಿ ಯಾರಾದರೂ ಮಾದರಿ ಕೇಳಿದ ಮೇಲೆ 5 ವರ್ಷ ಕಾಪಿಡುತ್ತಾರೆ. ನಡುವೆ ತಳಿ ಸತ್ತರೆ ನಿಮಗೆ ತಿಳಿಸುತ್ತಾರೆ. ಆಗ 3 ತಿಂಗಳೊಳಗೆ ಅದೇ ತಳಿಯೆಂದು ಸಹಿ ಹಾಕಿ ಮರುಠೇವಣಿ ಇಡಬೇಕು. ಅದಕ್ಕಾಗಿ ಮೂಲ ದಾಸ್ತಾನನ್ನು ಎರಡು ಊರುಗಳ ಫ್ರೀಜರ್‌ಗಳಲ್ಲಿ ಹಂಚಿಡಿ, ಕರೆಂಟು ಹೋದರೂ ಒಂದಾದರೂ ಉಳಿದಿರುತ್ತದೆ.